ಗೋಡೆಯ ಎಡ, ಮೂರ್ತಿಯ ಬಲ: ಹೊಯ್ಸಳ ಗುಡಿ ನೋಡಿಬಂದವರ ಪ್ರಶ್ನೆಗಳು

ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಅಧ್ಯಯನ ಪ್ರವಾಸ ಹೋಗಿಬಂದ, ಇಲ್ಲವೇ ಹೊರಟು ನಿಂತಿರುವ ವಿದ್ಯಾರ್ಥಿಗಳ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಬೇಲೂರು, ಹಳೇಬೀಡು ಎರಡನ್ನೂ ಒಂದೇ ದಿನದಲ್ಲಿ ನೋಡಿಬಂದೆವು. ಮೊಬೈಲಿನಲ್ಲಿ ಆರುನೂರು ಫೋಟೊ ಇವೆ. ‘ನಿಮ್ಮ ಅನಿಸಿಕೆ ಬರೆಯಿರಿ’ ಎಂದು ಎಂಟು ಪುಟದ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ‘ಅದ್ಭುತ’, ‘ಮನಮೋಹಕ’ ಎಂದು ಎರಡು ಪ್ಯಾರಾ ಬರೆದು ನಿಂತುಬಿಟ್ಟಿದ್ದೇನೆ. ಮುಂದೆ ಏನು ಬರೆಯಲಿ?
– ಬಿ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆರುನೂರರಲ್ಲಿ ಒಂದೇ ಒಂದು ಫೋಟೊ ಆರಿಸಿಕೊಳ್ಳಿ. ಹಳೇಬೀಡಿನಲ್ಲಿ ರಾವಣ ಕೈಲಾಸ ಎತ್ತುವ ಶಿಲ್ಪ ನಿಮ್ಮ ಬಳಿ ಇದ್ದೇ ಇರುತ್ತದೆ, ಅದೇ ಸಾಕು. ‘ಅದ್ಭುತ’ ಎಂಬ ಮಾತನ್ನು ಪಕ್ಕಕ್ಕಿಟ್ಟು, ಕೆಳಗಿನಿಂದ ಮೇಲಕ್ಕೆ ಕಂಡದ್ದನ್ನು ಕಂಡಂತೆ ಬರೆಯುತ್ತ ಹೋಗಿ. ರಾವಣ ಕಾಲನ್ನು ಹೇಗೆ ಊರಿದ್ದಾನೆ, ಮೊಣಕಾಲು ಎಷ್ಟು ಬಾಗಿದೆ? ಹತ್ತು ತಲೆಗಳನ್ನು ಶಿಲ್ಪಿ ಎಷ್ಟು ಜಾಗದೊಳಗೆ ಕೂರಿಸಿದ್ದಾನೆ? ಬೆಟ್ಟ ಬೆಟ್ಟವೆಂದು ಗೊತ್ತಾಗಲು ಏನೇನು ಕೆತ್ತಿದ್ದಾನೆ? ಮೇಲೆ ಕುಳಿತ ಶಿವ ಪಾರ್ವತಿಯರಲ್ಲಿ ಕೆಳಗಿನ ಅಲುಗಾಟ ಕಾಣುತ್ತದೆಯೇ, ಇಲ್ಲವೇ? ಹೀಗೆ ಇಪ್ಪತ್ತು ವಾಕ್ಯ ಬರೆಯುವ ಹೊತ್ತಿಗೆ ಒಂದು ಸಂಗತಿ ತಾನಾಗಿ ಎದ್ದು ಕಾಣುತ್ತದೆ. ಭಾರವೆಲ್ಲ ಕೆಳಗಿದೆ, ನೆಮ್ಮದಿಯೆಲ್ಲ ಮೇಲಿದೆ, ನಡುವಿನ ಬೆಟ್ಟದಲ್ಲಿ ಜನಸಂದಣಿ ಇದೆ. ನಿಮ್ಮ ಅನಿಸಿಕೆ ಶುರುವಾಗುವುದು ಅಲ್ಲಿಂದ.

ಇನ್ನೊಮ್ಮೆ ಹೋಗಲು ಸಾಧ್ಯವಾದರೆ ಮೊದಲು ಸೋಮನಾಥಪುರಕ್ಕೆ ಹೋಗಿ. ಮೈಸೂರಿನಿಂದ ಸುಮಾರು 35 ಕಿ.ಮೀ. ಗುಡಿ ಚಿಕ್ಕದು, ಮೂರೂ ಶಿಖರ ಉಳಿದಿವೆ. ಬೇಲೂರಿನಲ್ಲೂ ಹಳೇಬೀಡಿನಲ್ಲೂ ಇಂದು ಶಿಖರವಿಲ್ಲ. ಇಡೀ ಗುಡಿ ಹೇಗಿರುತ್ತದೆಂದು ಮೊದಲೇ ನೋಡಿಕೊಂಡವರಿಗೆ ಉಳಿದೆರಡು ಕಡೆ ಏನು ಇಲ್ಲ ಎಂಬುದೂ ಕಣ್ಣಿಗೆ ಬೀಳುತ್ತದೆ. ಹಳೇಬೀಡನ್ನೇ ಮೊದಲು ನೋಡಿದವರು ಹೊಯ್ಸಳ ಗುಡಿ ಎಂದರೆ ತಗ್ಗಾಗಿ, ಚಪ್ಪಟೆಯಾಗಿ ಹಬ್ಬಿದ ಕಟ್ಟಡ ಎಂದು ಬರೆದುಬಿಡುತ್ತಾರೆ. ಅದು ತಪ್ಪು.

ಗುಡಿಯ ಬಳಿ ಮೂರು ಸುತ್ತು ಹಾಕಿ. ಮೊದಲ ಸುತ್ತು ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆ) ಕೆಳಗೆ, ನೆಲದ ಮೇಲೆ, ಮೊಬೈಲ್ ಜೇಬಿನಲ್ಲೇ ಇರಲಿ, ಇಪ್ಪತ್ತು ನಿಮಿಷ ಸಾಕು. ಗೋಡೆ ಎಲ್ಲಿ ಮುಂದೆ ಬರುತ್ತದೆ, ಎಲ್ಲಿ ಒಳಗೆ ಸರಿಯುತ್ತದೆ ಎಂಬುದಷ್ಟೇ ನೋಡಿ. ಎರಡನೆಯದು ಜಗತಿಯ ಮೇಲೆ ಪ್ರದಕ್ಷಿಣೆಯಾಗಿ, ಒಂದು ಗಂಟೆ. ಮೂರನೆಯದಕ್ಕೆ ನಡೆಯುವ ಕೆಲಸವಿಲ್ಲ. ಒಂದು ಮೀಟರಿನಷ್ಟು ಗೋಡೆಯ ಎದುರು ಕುಳಿತು ಅರ್ಧ ಗಂಟೆ ಪೆನ್ಸಿಲ್ಲಿನಿಂದ ಗೀಚಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಕೈ ಎಲ್ಲಿ ತಡೆಯುತ್ತದೋ ಅಲ್ಲಿ ಕಣ್ಣು ಸರಿಯಾಗಿ ನೋಡಿರಲಿಲ್ಲ ಎಂದರ್ಥ. ಹೀಗೆ ಗೀಚುವಾಗ ಸೊಂಟದ ಡಾಬಿನಿಂದ ಇಳಿಬಿದ್ದ ಕುಚ್ಚು ಎರಡೋ ಮೂರೋ ಎಂದು ಎಣಿಸಲೇಬೇಕಾಗುತ್ತದೆ. ಫೋಟೊ ತೆಗೆಯುವಾಗ ಆ ಪ್ರಶ್ನೆ ಬರುವುದೇ ಇಲ್ಲ.

ಫೋಟೊಗಳಿಗೂ ಒಂದು ಕ್ರಮ ಬೇಕು. ‘ದಕ್ಷಿಣ ಗೋಡೆ’ ಎಂದು ಚೀಟಿಯಲ್ಲಿ ಬರೆದು ಮೊದಲು ಅದರ ಫೋಟೊ ತೆಗೆಯಿರಿ. ಆಮೇಲೆ ಇಡೀ ಗೋಡೆ, ನಂತರ ಒಂದು ಮೂರ್ತಿ, ಕೊನೆಗೆ ಅದರ ಕೈ ಅಥವಾ ಪೀಠ. ಈ ಕ್ರಮ ತಪ್ಪಿದರೆ ಮನೆಗೆ ಬಂದ ಮೇಲೆ ಯಾವ ಕೈ ಯಾವ ಮೂರ್ತಿಯದು, ಅದು ಯಾವ ಗೋಡೆಯಲ್ಲಿತ್ತು ಎಂದು ಹೇಳಲಾಗುವುದಿಲ್ಲ. ಆರುನೂರು ಫೋಟೊಗಳು ನಿಮ್ಮ ಕೈಹಿಡಿಯದಿರುವುದು ಇದೇ ಕಾರಣಕ್ಕೆ. ಅಳತೆಗೆಂದು 15 ಸೆಂ.ಮೀ. ಸ್ಕೇಲನ್ನು ಪಕ್ಕದಲ್ಲಿ ಹಿಡಿಸಿ, ಶಿಲ್ಪಕ್ಕೆ ಒರಗಿಸಬೇಡಿ.

ಪ್ರಶ್ನೆ: ಸೋಮನಾಥಪುರದ ಗೋಡೆಯ ರಾಮಾಯಣ ಪಟ್ಟಿಕೆಯನ್ನು (ಗೋಡೆಯುದ್ದಕ್ಕೂ ಸಾಗುವ ಕೆತ್ತನೆಯ ಸಾಲು) ತುಣುಕು ತುಣುಕಾಗಿ ಫೋಟೊ ತೆಗೆದು ಜೋಡಿಸಿದೆ. ಕಥೆ ಹಿಂದುಮುಂದಾಗಿದೆ. ಶಿಲ್ಪಿಗಳು ಕ್ರಮ ತಪ್ಪಿದ್ದಾರೆಯೇ?
– ಪಿಯು ವಿದ್ಯಾರ್ಥಿ, ಮಂಡ್ಯ

ಉತ್ತರ: ತಪ್ಪಿದ್ದು ಜೋಡಣೆ, ಕೆತ್ತನೆಯಲ್ಲ. ನಾವು ಪುಸ್ತಕವನ್ನು ಎಡದಿಂದ ಬಲಕ್ಕೆ ಓದುವವರು, ಹಾಗಾಗಿ ಪಟ್ಟಿಕೆಯನ್ನೂ ಹಾಗೇ ಜೋಡಿಸುತ್ತೇವೆ. ಆದರೆ ಈ ಕಥೆಗಳನ್ನು ಕೆತ್ತಿರುವುದು ಪ್ರದಕ್ಷಿಣೆ ಬರುವವರಿಗಾಗಿ. ಪ್ರದಕ್ಷಿಣೆಯಲ್ಲಿ ಗುಡಿ ನಮ್ಮ ಬಲಗಡೆ ಇರುತ್ತದೆ. ಅಲ್ಲೇ ನಿಂತು ಗೋಡೆಗೆ ಮುಖ ಮಾಡಿದರೆ ನಾವು ಮುಂದೆ ಸಾಗಬೇಕಾದ ದಿಕ್ಕು ಎಡಕ್ಕೆ ಬರುತ್ತದೆ. ಅಂದರೆ ಗೋಡೆ ನೋಡುತ್ತ ನಿಂತವರಿಗೆ ಕಥೆ ಬಲದಿಂದ ಎಡಕ್ಕೆ ಹರಿಯುತ್ತದೆ. ತುಣುಕುಗಳನ್ನು ಬಲಗಡೆಯಿಂದ ಜೋಡಿಸಿಕೊಂಡು ಬನ್ನಿ.

ಸೋಮನಾಥಪುರದಲ್ಲಿ ಬಾಗಿಲು ಪೂರ್ವಕ್ಕಿದೆ. ಅಲ್ಲಿಂದ ಎಡಕ್ಕೆ ಹೊರಟರೆ ಮೊದಲು ದಕ್ಷಿಣ ಭಾಗ ಸಿಗುತ್ತದೆ, ರಾಮಾಯಣ ಇರುವುದು ಅಲ್ಲಿ. ಹಿಂಭಾಗದಲ್ಲಿ ಭಾಗವತದ ಕೃಷ್ಣ ಕಥೆಗಳು, ಉತ್ತರದಲ್ಲಿ ಮಹಾಭಾರತ. ಜಗತಿಗೆ ಹತ್ತಿದವರು ಬಲಕ್ಕೆ ತಿರುಗಿದರೆ ಮಹಾಭಾರತದ ಕೊನೆಯಿಂದ ಹಿಂದಕ್ಕೆ ಬರುತ್ತಾರೆ. ಗುಂಪಿನಲ್ಲಿ ಹೋದಾಗ ಜನ ಕಡಿಮೆ ಇರುವ ಕಡೆಗೆ ಮೊದಲು ನುಗ್ಗುವುದರಿಂದಲೇ ಈ ಎಡವಟ್ಟು ಆಗುತ್ತದೆ.

ಪ್ರಶ್ನೆ: ಆನೆ ಬಲಕ್ಕೆ, ಸಿಂಹ ಶೌರ್ಯಕ್ಕೆ, ಕುದುರೆ ವೇಗಕ್ಕೆ ಸಂಕೇತ ಎಂದು ಗೈಡ್ ವಿವರಿಸಿದರು. ಇದನ್ನು ವರದಿಯಲ್ಲಿ ಹಾಗೇ ಬರೆಯಬಹುದೇ? ಪಟ್ಟಿಕೆಗಳು ಒಟ್ಟು ಎಷ್ಟು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ‘ಹೀಗೆ ವಿವರಿಸುವುದು ರೂಢಿಯಲ್ಲಿದೆ’ ಎಂದು ಸೇರಿಸಿ ಬರೆಯಿರಿ. ಶಿಲ್ಪಿಗಳ ಮಾತು ಎಂಬಂತೆ ಬರೆಯಬೇಡಿ.

ಎಣಿಕೆಯನ್ನು ನೀವೇ ಮಾಡಬಹುದು. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಕೆಳಗಿನಿಂದ ಎಂಟು ಸಾಲು: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಸೋಮನಾಥಪುರದಲ್ಲಿ ಆರು: ಆನೆ, ಕುದುರೆ ಸವಾರರು, ಬಳ್ಳಿ, ಕಥೆ, ಮಕರ, ಹಂಸ. ಅಲ್ಲಿ ಸಿಂಹದ ಸಾಲು ಇಲ್ಲ, ಬಳ್ಳಿಯ ಸಾಲು ಎರಡರ ಬದಲು ಒಂದೇ ಇದೆ. ಎರಡು ಗುಡಿಗಳ ನಡುವೆ ಸುಮಾರು 150 ವರ್ಷಗಳ ಅಂತರವಿದೆ. ಹೊಯ್ಸಳೇಶ್ವರ ಶುರುವಾದದ್ದು 1121ರ ಸುಮಾರಿಗೆ, ಸೋಮನಾಥಪುರದ ಕೇಶವ ದೇಗುಲ 1268ರ ಸುಮಾರಿನದು. ಈ ಹೋಲಿಕೆ ‘ಬಲ, ಶೌರ್ಯ, ವೇಗ’ದ ವಿವರಣೆಗಿಂತ ನಿಮ್ಮ ವರದಿಗೆ ಹೆಚ್ಚು ತೂಕ ತರುತ್ತದೆ, ಏಕೆಂದರೆ ಅದು ನೀವೇ ಎಣಿಸಿ ಕಂಡದ್ದು. ಆನೆಗಳ ಸಾಲಿನ ಎದುರು ಐದು ನಿಮಿಷ ಹೆಚ್ಚು ನಿಲ್ಲಿ. ದೂರದಿಂದ ಎಲ್ಲವೂ ಅಚ್ಚೊತ್ತಿದಂತೆ ಕಾಣುತ್ತವೆ. ಹತ್ತಿರ ಹೋದರೆ ಸೊಂಡಿಲು ಸುತ್ತಿದ ಬಗೆ, ಕಾಲಿಟ್ಟ ಬಗೆ, ಮೇಲೆ ಕೂತವರು ಎಲ್ಲ ಬೇರೆಬೇರೆ.

ಪ್ರಶ್ನೆ: ಗೋಡೆಯ ಮೇಲಿನ ವಿಷ್ಣು ಮೂರ್ತಿಗಳೆಲ್ಲ ಒಂದೇ ಥರ ಕಾಣುತ್ತವೆ. ಇದು ಕೇಶವ, ಇದು ಜನಾರ್ದನ ಎಂದು ಗುರುತಿಸುವುದು ಹೇಗೆ? ನಾನು ಬರೆದ ಹೆಸರುಗಳನ್ನೆಲ್ಲ ನಮ್ಮ ಮೇಷ್ಟ್ರು ಹೊಡೆದುಹಾಕಿದರು.
– ಇತಿಹಾಸ ವಿದ್ಯಾರ್ಥಿ, ತುಮಕೂರು

ಉತ್ತರ: ನೀವು ಬಹುಶಃ ನಿಮ್ಮ ಬಲವನ್ನು ಮೂರ್ತಿಯ ಬಲವೆಂದುಕೊಂಡಿದ್ದೀರಿ. ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಇದೇ. ಮೂರ್ತಿ ನಿಮ್ಮ ಎದುರು ನಿಂತಿದೆ, ಅದರ ಬಲಗೈ ನಿಮ್ಮ ಎಡಕ್ಕೆ ಬರುತ್ತದೆ.

ನಿಂತ ವಿಷ್ಣುವಿಗೆ ನಾಲ್ಕು ಕೈ. ಅವುಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ. ನಾಲ್ಕು ಕೈಗಳಲ್ಲಿ ನಾಲ್ಕು ವಸ್ತುಗಳನ್ನು ಎಷ್ಟು ರೀತಿ ಇಡಬಹುದು? ಗಣಿತದ ತರಗತಿಯಲ್ಲಿ ಕಲಿತ ಕ್ರಮಯೋಜನೆಯೇ: 4 × 3 × 2 × 1 = 24. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ ಹೆಸರುಗಳೂ 24. ಒಂದೊಂದು ಜೋಡಣೆಗೆ ಒಂದೊಂದು ಹೆಸರು.

ಓದುವ ಕ್ರಮ ಹೀಗೆ. ಮೂರ್ತಿಯ ಕೆಳಗಿನ ಬಲಗೈಯಿಂದ ಶುರುಮಾಡಿ, ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈಗೆ ಬನ್ನಿ. ನಿಮ್ಮ ಕಣ್ಣಿಗೆ ಇದು ಎಡಗಡೆ ಕೆಳಗಿನಿಂದ ಗಡಿಯಾರದ ಮುಳ್ಳು ತಿರುಗಿದಂತೆ. ಪದ್ಮ, ಶಂಖ, ಚಕ್ರ, ಗದೆ ಎಂದು ಬಂದರೆ ಕೇಶವ. ಶಂಖ, ಪದ್ಮ, ಗದೆ, ಚಕ್ರ ಎಂದು ಬಂದರೆ ನಾರಾಯಣ. ಪದ್ಮ, ಚಕ್ರ, ಶಂಖ, ಗದೆ ಎಂದು ಬಂದರೆ ಜನಾರ್ದನ. ಕೇಶವನಿಗೂ ಜನಾರ್ದನನಿಗೂ ಇರುವ ವ್ಯತ್ಯಾಸ ಮೇಲಿನ ಎರಡು ಕೈಗಳು ಅದಲುಬದಲಾದದ್ದಷ್ಟೇ. ಎಡಬಲ ತಪ್ಪಿದರೆ ಒಂದಕ್ಕೆ ಇನ್ನೊಂದು ದೇವರ ಹೆಸರು ಬೀಳುವುದು ಇದರಿಂದಲೇ.

ಮನೆಯಲ್ಲಿ ಫೋಟೊ ನೋಡಿ ಗುರುತಿಸುವುದಾದರೆ ಇನ್ನೊಂದು ಎಚ್ಚರ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಕೆಲವು ಮೊಬೈಲ್‌ಗಳು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ. ನಿಮ್ಮ ಹಿಂದೆ ಕಾಣುವ ಮೂರ್ತಿಯ ಎಡಬಲ ಆಗ ಬದಲಾಗಿರುತ್ತದೆ. ಪದ್ಮ ಮತ್ತು ಶಂಖ ಸವೆದಾಗ ಎರಡೂ ಮೊಗ್ಗಿನಂತೆ ಕಾಣುತ್ತವೆ, ದಂಟು ಕೆಳಗಿಳಿದಿದೆಯೇ ಎಂದು ನೋಡಿ. ಮುರಿದ ಕೈ ಒಂದೇ ಆದರೆ ಉಳಿದ ಮೂರರಿಂದ ಹೆಸರು ಹೇಳಬಹುದು. ಎರಡು ಕೈ ಮುರಿದಿದ್ದರೆ ಎರಡು ಸಾಧ್ಯತೆಗಳು ಉಳಿಯುತ್ತವೆ, ಆಗ ಎರಡೂ ಹೆಸರು ಬರೆದು ಕಾರಣ ಕೊಡಿ. ಊಹಿಸಿ ಒಂದನ್ನೇ ಬರೆಯುವುದಕ್ಕಿಂತ ಅದು ಮೇಲು. ಮೇಷ್ಟ್ರೂ ಹೊಡೆದುಹಾಕುವುದಿಲ್ಲ.

ಪ್ರಶ್ನೆ: ನಕ್ಷತ್ರಾಕಾರದ ನಕ್ಷೆ ಬರೆಯಲು ಹೋದರೆ ಪ್ರತಿ ಸಲ ದೀಪಾವಳಿಯ ನಕ್ಷತ್ರದಂತೆ ಚೂಪುಚೂಪಾಗಿ ಬರುತ್ತದೆ. ಸರಿಯಾದ ವಿಧಾನ ಏನು?
– ಆರ್ಕಿಟೆಕ್ಚರ್ ಮೊದಲ ವರ್ಷ, ಬೆಂಗಳೂರು

ಉತ್ತರ: ತುದಿಗಳನ್ನು ಮೊದಲು ಗುರುತಿಸಿ ಗೆರೆ ಎಳೆಯುತ್ತಿದ್ದೀರಿ. ಅದನ್ನು ಬಿಟ್ಟು ಚೌಕವನ್ನು ತಿರುಗಿಸಿ. ಒಂದು ವೃತ್ತ ಬರೆದು ಒಳಗೆ ಚೌಕ ಕೂರಿಸಿ. ಅದೇ ಕೇಂದ್ರದ ಮೇಲೆ ಚೌಕವನ್ನು 22.5 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಬರೆಯಿರಿ. ಹೀಗೆ ಮೂರು ಸಲ ತಿರುಗಿಸಿದರೆ ಒಟ್ಟು ನಾಲ್ಕು ಚೌಕ, 16 ಮೂಲೆ. ಹೊರಗಿನ ಅಂಚನ್ನು ಮಾತ್ರ ಉಳಿಸಿ ಒಳಗಿನ ಗೆರೆ ಅಳಿಸಿ. ಪ್ರತಿ ಹೊರಮೂಲೆಯೂ 90 ಡಿಗ್ರಿ ಇರುತ್ತದೆ, ಎಲ್ಲೂ ಚೂಪಾಗುವುದಿಲ್ಲ. ಸೋಮನಾಥಪುರದ ವಿಮಾನಗಳ (ಗರ್ಭಗುಡಿ ಮತ್ತು ಅದರ ಮೇಲಿನ ಶಿಖರ) ನಕ್ಷೆ ಈ 16 ಮೂಲೆಯದು. 45 ಡಿಗ್ರಿ ತಿರುಗಿಸಿದ ಎರಡೇ ಚೌಕಗಳಿಂದ ಎಂಟು ಮೂಲೆ ಬರುತ್ತದೆ.

ಗುಡಿಯಲ್ಲಿ ಎಣಿಸುವಾಗ 16 ಸಿಗಲಿಲ್ಲ ಎಂದು ಗಾಬರಿಯಾಗಬೇಡಿ. ನವರಂಗಕ್ಕೆ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ಅಂಟಿಕೊಂಡ ಭಾಗದ ಮೂಲೆಗಳು ಹೊರಗೆ ಕಾಣುವುದಿಲ್ಲ. ಜಗತಿಯೂ ಗುಡಿಯ ಅಂಚನ್ನೇ ಹಿಂಬಾಲಿಸಿ ಮುರಿದುಕೊಂಡು ಹೋಗುವುದರಿಂದ ಕೆಳಗೆ ನಡೆಯುತ್ತಲೇ ಎಣಿಸಬಹುದು, ಅದು ಸುಲಭ.

ಪ್ರಶ್ನೆ: ಹಳೇಬೀಡಿನಲ್ಲಿ ಬೆಳಿಗ್ಗೆ ತೆಗೆದ ಫೋಟೊಗಳಲ್ಲಿ ಶಿಲ್ಪಗಳು ಮಸಿ ಬಳಿದಂತೆ ಬಂದಿವೆ. ಯಾವ ಹೊತ್ತು ಒಳ್ಳೆಯದು?
– ಓದುಗ, ಹುಬ್ಬಳ್ಳಿ

ಉತ್ತರ: ಈ ಮೂರೂ ಗುಡಿಗಳ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ಮುಂಭಾಗಕ್ಕೆ ಬೀಳುತ್ತದೆ, ಹಿಂಭಾಗ ನೆರಳಲ್ಲಿರುತ್ತದೆ. ಹೊಯ್ಸಳೇಶ್ವರದಲ್ಲಿ ಎಲ್ಲರೂ ನೋಡಬೇಕೆನ್ನುವ ದೊಡ್ಡ ಮೂರ್ತಿಗಳ ಸಾಲು ಇರುವುದು ಹಿಂಭಾಗದಲ್ಲಿ. ಆದ್ದರಿಂದ ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಮೂರರ ನಂತರ ಹಳೇಬೀಡು ಎಂದು ಇಟ್ಟುಕೊಳ್ಳಿ. ನಡುವೆ ಇರುವುದು ಸುಮಾರು 16 ಕಿ.ಮೀ. ಅಷ್ಟೇ. ಬೇಲೂರಿನಲ್ಲಿ ಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ. ಆ ಲೆಕ್ಕಕ್ಕೂ ಬೆಳಿಗ್ಗೆಯೇ ಸರಿ.

ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬಂದಾಗ ಕೆತ್ತನೆಯ ಆಳ ಕಾಣುತ್ತದೆ. ನೇರವಾಗಿ ಎದುರಿನಿಂದ ಬಿದ್ದರೆ ಚಪ್ಪಟೆಯಾಗುತ್ತದೆ. ನಡುಹಗಲಲ್ಲಿ ಲೋವೆಯ (ಗೋಡೆಯಿಂದ ಹೊರಚಾಚಿದ ಸೂರು) ನೆರಳು ಮೂರ್ತಿಗಳ ಮುಖದ ಮೇಲೇ ಕೂರುತ್ತದೆ. ಡಿಸೆಂಬರಿನಲ್ಲಿ ಮಾತ್ರ ಸೂರ್ಯ ನೆತ್ತಿಗೆ ಏರದೆ ದಕ್ಷಿಣಕ್ಕೆ ವಾಲಿ, ಸುಮಾರು 53 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಆಗ ದಕ್ಷಿಣ ಗೋಡೆಗೆ ದಿನವಿಡೀ ಬಿಸಿಲು. ಉತ್ತರ ಗೋಡೆಗೆ ನೇರ ಬಿಸಿಲು ಇಲ್ಲವೇ ಇಲ್ಲ. ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ. ಉತ್ತರ ಗೋಡೆಯ ಚಿತ್ರ ಬೇಕಿದ್ದವರು ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಹೋಗಬೇಕು. ಆ ಬೇಸಿಗೆಯಲ್ಲಿ ಜಗತಿಯ ಕಲ್ಲು ಅಂಗಾಲು ಸುಡುತ್ತದೆ, ಚಪ್ಪಲಿ ಕೆಳಗೇ ಬಿಡಬೇಕಾದ್ದರಿಂದ ದಪ್ಪ ಕಾಲುಚೀಲ ಒಯ್ಯಿರಿ.

ಕ್ಯಾಮೆರಾ ಸ್ಟ್ಯಾಂಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಒಳಗೆ ಫ್ಲ್ಯಾಶ್ ಹಾಕಬೇಡಿ.

ಪ್ರಶ್ನೆ: ಬೇಲೂರಿನ ಶಿಲ್ಪಿ ಎನ್ನಲಾಗುವ ಜಕಣಾಚಾರಿಯ ಕಥೆ, ಮೂರ್ತಿಯ ಕಲ್ಲಿನೊಳಗೆ ಸಿಕ್ಕ ಕಪ್ಪೆಯ ಕಥೆ, ಕನ್ನಡಿ ಹಿಡಿದ ದರ್ಪಣಸುಂದರಿ ಶಿಲ್ಪ ರಾಣಿ ಶಾಂತಲೆಯದೇ ಎಂಬ ಮಾತು – ಇವನ್ನು ವರದಿಗೆ ಸೇರಿಸಬಹುದೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಐತಿಹ್ಯ ಎಂಬ ತಲೆಬರಹದಡಿ ಸೇರಿಸಿ. ಜನ ಆ ಗುಡಿಯನ್ನು ಹೇಗೆ ಪ್ರೀತಿಸಿದ್ದಾರೆ ಎಂಬುದಕ್ಕೆ ಆ ಕಥೆಗಳು ಸಾಕ್ಷಿ, ಕಟ್ಟಿದ್ದು ಯಾರು ಎಂಬುದಕ್ಕಲ್ಲ. ಬೇಲೂರಿನ ಚೆನ್ನಕೇಶವ ವಿಷ್ಣುವರ್ಧನನ ಕಾಲದ್ದು, ಶಕ 1039, ಅಂದರೆ ಕ್ರಿ.ಶ. 1117. ಪಕ್ಕದ ಕಪ್ಪೆ ಚೆನ್ನಿಗರಾಯ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ. ದರ್ಪಣಸುಂದರಿ ಅವಳದೇ ರೂಪ ಎನ್ನಲು ಶಾಸನದ ಆಧಾರವಿಲ್ಲ.

ಕಲ್ಲಿನ ಮೇಲೇ ಉಳಿದಿರುವ ಹೆಸರುಗಳು ಬೇರೆ, ಅವು ನಿಮ್ಮ ವರದಿಯಲ್ಲಿ ಇರಲೇಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಅವನ ಹೆಸರು ಅಲ್ಲಿ ಹಲವು ಮೂರ್ತಿಗಳ ಕೆಳಗಿದೆ. ಇಷ್ಟು ಹಿಂದೆ ಕೆಲಸದವರು ತಮ್ಮ ಹೆಸರನ್ನು ತಾವೇ ಕೆತ್ತಿ ಬಿಟ್ಟುಹೋದದ್ದು ಬಹಳ ದೊಡ್ಡ ಸಂಗತಿ. ಎಲ್ಲರೂ ಮುಖ ನೋಡುತ್ತಾರೆ, ಪೀಠ ನೋಡುವವರು ಕಡಿಮೆ. ಮಂಡಿಯೂರಿ ಕೂತು, ಓರೆ ಬಿಸಿಲಿನಲ್ಲಿ ಪೀಠದ ಅಂಚನ್ನು ನೋಡಿ. ಅಕ್ಷರ ಚಿಕ್ಕವು, ರೂಪ ಇಂದಿನದಕ್ಕಿಂತ ಬೇರೆ, ಆದರೂ ‘ಮ’ ಮತ್ತು ‘ತ’ ನಿಮ್ಮ ಕಣ್ಣಿಗೆ ಸಿಕ್ಕಾವು.

ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತುಂಬುವುದು, ನೀರು ಹೊಯ್ಯುವುದು, ಬೆರಳಿನಿಂದ ಉಜ್ಜುವುದು ಬೇಡವೇ ಬೇಡ. ಈ ಗುಡಿಗಳ ಕಲ್ಲು ಬಳಪದ ಕಲ್ಲು, ಗ್ರಾನೈಟಿನಂತಲ್ಲ. ಇಷ್ಟು ನಯವಾದ ಕೆತ್ತನೆ ಸಾಧ್ಯವಾದದ್ದು ಅದು ಮೆದುವಾಗಿದ್ದರಿಂದಲೇ, ಸವೆಯುವುದೂ ಅದರಿಂದಲೇ. ಕೈಗೆಟುಕುವ ಎತ್ತರದ ಮೂರ್ತಿಗಳ ಮೊಣಕಾಲು ಕಪ್ಪಗೆ ಹೊಳೆಯುವುದನ್ನು ನೋಡಿರಬಹುದು, ಅದು ಮುಟ್ಟಿ ಮುಟ್ಟಿ ಹತ್ತಿದ ಕೈಜಿಡ್ಡು. ಶಾಸನದ ಪಾಠ ಬೇಕಿದ್ದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚಾಗಿದೆ, ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ. ಶಕ ವರ್ಷಕ್ಕೆ 78 ಕೂಡಿದರೆ ಕ್ರಿ.ಶ. ಬರುತ್ತದೆ. ವರ್ಷದ ಕೊನೆಯ ತಿಂಗಳುಗಳಾದರೆ, ಅಂದರೆ ನಮ್ಮ ಜನವರಿಯಿಂದ ಯುಗಾದಿಯ ತನಕ, 79.

ಪ್ರಶ್ನೆ: ನವರಂಗದ ಕಂಬಗಳನ್ನು ಯಂತ್ರದಲ್ಲಿ ಕಡೆದಿದ್ದಾರೆ ಎನ್ನುವುದು ನಿಜವೇ?
– ಐಟಿಐ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಕಂಬವನ್ನು ತಿರುಗಿಸಿ ಕಡೆದಿದ್ದಾರೆ ಎನ್ನುವುದು ವಿದ್ವಾಂಸರೂ ಒಪ್ಪುವ ಮಾತು, ಇಂದಿನ ಯಂತ್ರವಲ್ಲ. ನೀವು ಲೇತ್ ಕೆಲಸ ಕಲಿತವರು, ಗುರುತು ನಿಮಗೇ ಸಿಗುತ್ತದೆ. ಗಂಟೆಯಾಕಾರದ ಭಾಗದ ಮೇಲೆ ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಟ್ಟರೆ ಸುತ್ತಲೂ ಕೂದಲೆಳೆಯಷ್ಟು ತೆಳ್ಳನೆಯ ಸಮಾನಾಂತರ ಗೆರೆಗಳು ಕಾಣುತ್ತವೆ. ಎಲ್ಲ ಕಂಬಗಳೂ ಹಾಗಿಲ್ಲ. ಬೇಲೂರಿನ ನರಸಿಂಹ ಕಂಬದ ಮೈತುಂಬ ಪುಟ್ಟ ಪುಟ್ಟ ಮೂರ್ತಿಗಳಿವೆ, ಅದು ಉಳಿ ಸುತ್ತಿಗೆಯ ಕೆಲಸ.

ಪ್ರಶ್ನೆ: ನಿಜ ಹೇಳುತ್ತೇನೆ, ಬೇಲೂರಿನಲ್ಲಿ ಅರ್ಧ ಗಂಟೆಗೇ ನನಗೆ ಸಾಕಾಗಿಹೋಯಿತು. ಎಲ್ಲೆಲ್ಲೂ ಕೆತ್ತನೆ, ತಲೆ ಸುತ್ತಿದಂತಾಯಿತು. ಹೀಗೆಂದು ಬರೆದರೆ ಅಪಚಾರವೇ?
– ವಿದ್ಯಾರ್ಥಿ, ಕೋಲಾರ

ಉತ್ತರ: ಖಂಡಿತ ಅಲ್ಲ, ಬರೆಯಿರಿ. ಯಾಕೆ ಹಾಗಾಯಿತು ಎಂಬುದನ್ನೂ ಬರೆಯಿರಿ. ಈ ಗೋಡೆಗಳಲ್ಲಿ ಕಣ್ಣಿಗೆ ಬಿಡುವಿನ ಜಾಗ ಕಡಿಮೆ. ಎಲ್ಲವನ್ನೂ ಒಂದೇ ಸಲ ನೋಡಲು ಹೊರಟವರಿಗೆ ದಣಿವು ಆಗಿಯೇ ಆಗುತ್ತದೆ. ಲೋವೆಯ ಕೆಳಗಿನ ಮದನಿಕೆಯರನ್ನು ಕತ್ತೆತ್ತಿ ಒಂದೇ ಸಮನೆ ನೋಡಿದರೆ ಕುತ್ತಿಗೆಯೂ ಹಿಡಿಯುತ್ತದೆ. ಎಲ್ಲರನ್ನೂ ಬಿಟ್ಟು ಒಬ್ಬಳನ್ನು ಆರಿಸಿಕೊಳ್ಳಿ. ಸೀರೆ ಎಳೆಯುವ ಕೋತಿಯನ್ನು ಕೊಂಬೆ ಎತ್ತಿ ಗದರಿಸುವವಳು ಇದ್ದಾಳಲ್ಲ, ಅವಳೇ ಆಗಲಿ. ಎಳೆದ ಬಟ್ಟೆ ಬಿಗಿಯಾದ ಕಡೆ ಕಲ್ಲಿನಲ್ಲಿ ಗೆರೆ ಹೇಗೆ ಬದಲಾಗಿದೆ ಎಂದಷ್ಟೇ ನೋಡಿ, ಆಮೇಲೆ ಐದು ನಿಮಿಷ ಅಂಗಳದಲ್ಲಿ ಕೂತು ಬನ್ನಿ.

ಒಳಗಿನ ಛಾವಣಿಗೆ ಅಂಗೈಯಗಲದ ಕನ್ನಡಿ ಒಯ್ಯಿರಿ. ಸೊಂಟದ ಬಳಿ ಹಿಡಿದು ಕೆಳಗೆ ನೋಡುತ್ತಲೇ ಮೇಲಿನದನ್ನು ಕಾಣಬಹುದು. ಸೋಮನಾಥಪುರದ ಛಾವಣಿಗಳಲ್ಲಿ ನಡುವಿನಿಂದ ಇಳಿಬಿದ್ದ ಬಾಳೆಮೊಗ್ಗು ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದು ಛಾವಣಿಯಲ್ಲಿ ಮೊಗ್ಗು ಬಿಗಿಯಾಗಿದ್ದರೆ ಇನ್ನೊಂದರಲ್ಲಿ ಎಸಳು ಬಿಚ್ಚತೊಡಗಿರುತ್ತದೆ. ಕನ್ನಡಿಯಲ್ಲಿ ನೋಡಿ ಚಿತ್ರ ಬರೆದಿರಾದರೆ ಪಕ್ಕದಲ್ಲಿ ‘ಕನ್ನಡಿ’ ಎಂದು ಗುರುತು ಹಾಕಿಕೊಳ್ಳಿ, ಎಡಬಲ ಅದಲುಬದಲಾಗಿರುತ್ತದೆ.